ಕ್ವಾಯ್‌ಲಾನ್ ಅಕ್ಕನ ತೋಳಂಚಿನ ಕಾರ್ಡು

ತೋಕ್ವಾವಾನ್ ಬಡಾವಣೆಯ ನಮ್ಮ ಚಹಾಮನೆಯಲ್ಲಿ ಗಲ್ಲಾದ ಹಿಂದೆ ಕೂತೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಲ್ಲಿಂದ ನಾನು ಕಂಡಷ್ಟು ಜಗಳಗಳನ್ನು ಪೊಲೀಸರೂ ಕಂಡಿರಲಿಕ್ಕಿಲ್ಲ. ಎಲ್ಲ ಜಗಳಕ್ಕೂ ಕಾರಣ ಒಂದೇ: ಬಿಲ್ಲು ನಾನು ಕೊಡುತ್ತೇನೆ, ನೀನಲ್ಲ. ಈ ಒಂದು ಮಾತಿಗೆ ಅಂಗಿಯ ತೋಳು ಹರಿದದ್ದು ನೋಡಿದ್ದೇನೆ, ಕನ್ನಡಕ ಗಂಜಿಯ ಬಟ್ಟಲಿಗೆ ಬಿದ್ದದ್ದು ನೋಡಿದ್ದೇನೆ, ಮದುವೆ ಮಾತುಕತೆಗೆ ಬಂದ ಬೀಗರು ಒಬ್ಬರನ್ನೊಬ್ಬರು ಕುರ್ಚಿಗೆ ಒತ್ತಿ ಹಿಡಿದದ್ದೂ ನೋಡಿದ್ದೇನೆ. ತಿಂದವನಿಗಿಂತ ತಿನ್ನಿಸಿದವನು ದೊಡ್ಡವನು ಅನ್ನುವುದು ನಮ್ಮವರ ತಲೆಯಲ್ಲಿ ಹಾಗೆ ಕೂತುಬಿಟ್ಟಿದೆ. ನನಗಂತೂ ಇದು ಒಮ್ಮೊಮ್ಮೆ ತಲೆನೋವು. ಹಿಂದೆ ಸಾಲು ನಿಂತಿರುತ್ತದೆ, ಮುಂದೆ ಇಬ್ಬರು ಮುದುಕರು ಕೈ ಕೈ ಮಿಲಾಯಿಸುತ್ತಿರುತ್ತಾರೆ.

ಈ ಕುಸ್ತಿಗೆ ನಾನೊಂದು ನಿಯಮ ಮಾಡಿದ್ದೆ. ನನ್ನ ಮುಂದಿನ ತಟ್ಟೆಗೆ ಯಾರ ದುಡ್ಡು ಮೊದಲು ಬೀಳುತ್ತದೋ ಗೆದ್ದವರು ಅವರು. ಆಮೇಲೆ ಯಾರು ಕೂಗಾಡಿದರೂ, ಯಾರು ಕಣ್ಣೀರಿಟ್ಟರೂ ನಾನು ಜಗ್ಗುವವಳಲ್ಲ. ಈ ನಿಯಮದಡಿ ತಾಮ್ ಕ್ವಾಯ್‌ಲಾನ್ ಅಕ್ಕನನ್ನು ಸೋಲಿಸಿದವರನ್ನು ಮಾತ್ರ ನಾನು ಕಂಡೇ ಇರಲಿಲ್ಲ.

ನೋಡಿದರೆ ಹಾಗನ್ನಿಸುವುದಿಲ್ಲ. ಅಕ್ಕ ನನ್ನ ಭುಜಕ್ಕೆ ಬರುತ್ತಾರೆ, ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗಿದ್ದಾರೆ. ಮಾತು ಮಾತ್ರ ಮೂರು ಮೇಜಿನಾಚೆಗೂ ಕೇಳುತ್ತದೆ. ಹೊಲಿಗೆ ಯಂತ್ರಗಳ ಗದ್ದಲದ ನಡುವೆ ಬೆಳೆದ ಗಂಟಲು ಅದು. ಪ್ರತಿ ಭಾನುವಾರ ಬೆಳಿಗ್ಗೆ ಕಂಬದ ಪಕ್ಕದ ಮೇಜಿಗೆ ಅಕ್ಕ, ಅವರ ತಮ್ಮ ಪಾಕ್‌ಶಿಂಗ್, ಅವನ ಹೆಂಡತಿ ಫೂಂಗ್‌ಯಿ, ಮೂವರೂ ಬರುತ್ತಾರೆ. ಎರಡು ಗಂಟೆ ಕೂತು ತಿನ್ನುತ್ತಾರೆ, ಹರಟುತ್ತಾರೆ. ಆಮೇಲೆ ಯುದ್ಧ.

ಅಕ್ಕನ ಯುದ್ಧತಂತ್ರಗಳನ್ನು ಬರೆದರೆ ಒಂದು ಪುಸ್ತಕವಾದೀತು. ಕೈ ತೊಳೆಯಲು ಹೋಗುವವರಂತೆ ಎದ್ದು ಬಂದು ನನ್ನ ತಟ್ಟೆಗೆ ನೋಟು ಹಾಕಿ ಹೋಗುವುದು ತೀರಾ ಹಳೆಯದು, ಅದು ಎಲ್ಲರಿಗೂ ಗೊತ್ತು. ಅದಕ್ಕೆ ತಮ್ಮ ಕಾವಲು ನಿಂತರೆ, ಬಾಗಿಲಿಂದ ಒಳಗೆ ಬರುವಾಗಲೇ ನನ್ನ ಕೈಗೆ ದುಡ್ಡು ತುರುಕಿಬಿಡುತ್ತಿದ್ದರು. ಅದಕ್ಕೂ ಅವನು ಕಾವಲು ನಿಂತರೆ, ನಮ್ಮ ಹಿರಿಯ ಮಾಣಿ ಇದ್ದಾನಲ್ಲ, ಕೀ ಅಂತ ಹೆಸರು, ಅವನ ಜೇಬಿಗೆ. ಒಂದು ಸಲ ಪಾಕ್‌ಶಿಂಗ್ ಅರ್ಧ ಗಂಟೆ ಮುಂಚೆಯೇ ಬಂದು, ಬೆವರೊರೆಸಿಕೊಳ್ಳುತ್ತ ದುಡ್ಡು ಹಿಡಿದು ನನ್ನ ಮುಂದೆ ನಿಂತ.

"ಇವತ್ತು ನಾನು ಮೊದಲು, ಮುಯ್. ತಗೋ."

"ನಿನ್ನಕ್ಕ ನಿನ್ನೆ ಸಂಜೇನೇ ಬಂದು ಕೊಟ್ಟು ಹೋದ್ರಪ್ಪ," ಅಂದೆ.

ಅವನ ಮುಖ ನೋಡಿ ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು.

ಈ ಅಕ್ಕ ತಮ್ಮನ ಕಥೆ ನಮ್ಮ ಬೀದಿಗೆಲ್ಲ ಗೊತ್ತಿರುವುದೇ. ಅಪ್ಪ ಹಡಗಿನ ಕೆಲಸಕ್ಕೆಂದು ಹೋದವರು ತಿರುಗಿ ಬರಲಿಲ್ಲ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನಾಲ್ಕು, ತಮ್ಮನಿಗೆ ಆರು. ಮನೆಯಲ್ಲಿ ಕೂತು ಪ್ಲಾಸ್ಟಿಕ್ ಹೂವು ಜೋಡಿಸಿದರು, ವಿಗ್ಗಿನ ಕಾರ್ಖಾನೆಯಲ್ಲಿ ಕೂದಲು ನೆಟ್ಟರು, ಆಮೇಲೆ ಜೀನ್ಸ್ ಕಾರ್ಖಾನೆ ಸೇರಿ ಜೇಬು ಹೊಲಿಯುವ ಸಾಲಿನಲ್ಲಿ ಕೂತವರು ಅಗ್ಗದ ಕೂಲಿ ಹುಡುಕಿಕೊಂಡು ಕಾರ್ಖಾನೆ ಗಡಿಯಾಚೆ ಹೋಗುವವರೆಗೆ ಏಳಲಿಲ್ಲ. ಮದುವೆಯಾಗಲಿಲ್ಲ. ಕೇಳಿದರೆ "ನನ್ನನ್ನ ಕಟ್ಕೊಂಡವನು ಬಿಲ್ಲು ಕೊಡೋಕೆ ಜಗಳಾಡ್ತಿದ್ದ, ಯಾಕೆ ಬೇಕು" ಅನ್ನುತ್ತಾರೆ. ತಮ್ಮನನ್ನು ಓದಿಸಿದರು. ಅವನು ಲಿಫ್ಟ್ ರಿಪೇರಿ ಕಲಿತು, ಕೆಲಸ ಹಿಡಿದು, ಮೊದಲ ಸಂಬಳ ಬಂದ ದಿನ ಅಕ್ಕನನ್ನು ಚಹಾಕ್ಕೆ ಕರೆದುಕೊಂಡು ಹೋದನಂತೆ. ತಿಂದು ಎದ್ದಾಗ ಬಿಲ್ಲು ಆಗಲೇ ಕೊಟ್ಟಾಗಿತ್ತು. ಅಲ್ಲಿಂದ ಶುರುವಾದದ್ದು. ಅವನ ಮದುವೆಯ ಊಟವನ್ನೂ ಅಕ್ಕನೇ ಹಾಕಿಸಿದರು. ಅವನು ಕೆಲಸದಿಂದ ನಿವೃತ್ತನಾದ, ತಲೆ ನೆರೆಯಿತು, ಮಂಡಿ ನೋವು ಬಂತು. ಅಕ್ಕನಿಗೆ ಒಂದು ಹೊತ್ತಿನ ಚಹಾ ಕುಡಿಸುವ ಭಾಗ್ಯ ಮಾತ್ರ ಬರಲಿಲ್ಲ.

ಹೀಗಿರುವಾಗ ನಮ್ಮ ಚಹಾಮನೆಗೆ ಆ ಯಂತ್ರ ಬಂತು.

ಅಲ್ಲಿಯವರೆಗೆ ನಮ್ಮ ಮಾಲೀಕರು ಕ್ರೆಡಿಟ್ ಕಾರ್ಡನ್ನು ಹತ್ತಿರ ಸೇರಿಸಿರಲಿಲ್ಲ. ಗೀರುವುದು, ಕಾಗದ ಬರುವುದು ಕಾಯುವುದು, ಸಹಿ ಹಾಕಿಸುವುದು, ಅಷ್ಟರಲ್ಲಿ ಒಂದು ಮೇಜಿನವರು ತಿಂದು ಎದ್ದಿರುತ್ತಾರೆ ಎಂದು ಅವರ ವಾದ. ಈಗ ಬಂದ ಕಾರ್ಡುಗಳು ಹಾಗಲ್ಲ, ಯಂತ್ರದ ಹತ್ತಿರ ತಂದರೆ ಸಾಕು, ಟಿಂಯ್ ಅನ್ನುತ್ತದೆ, ಮುಗಿಯಿತು. ಎದುರಿನ ಮಾಲಿನಲ್ಲಿ ಬ್ಯಾಂಕಿನ ಹುಡುಗ ಹುಡುಗಿಯರು ಮೇಜು ಹಾಕಿಕೊಂಡು, ಕಾರ್ಡು ಮಾಡಿಸಿದವರಿಗೆಲ್ಲ ಚಕ್ರದ ಸೂಟ್‌ಕೇಸ್ ಹಂಚುತ್ತಿದ್ದರು. ಎಲ್ಲಿಗೂ ಹೋಗದವರ ಮನೆಯಲ್ಲೂ ಒಂದೊಂದು ಸೂಟ್‌ಕೇಸ್ ಬಂದು ಕೂತಿತು. ಮಾಂಸದ ಅಂಗಡಿಯ ಮುದುಕರೊಬ್ಬರು ಅದರಲ್ಲಿ ಅಕ್ಕಿ ತುಂಬಿಡುತ್ತಿದ್ದರು.

ಯಂತ್ರ ಬಂದ ಮೊದಲ ವಾರ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನಮ್ಮೂರಿನ ಜನಕ್ಕೆ ಬಸ್ಸು, ರೈಲು, ದೋಣಿಗೆಲ್ಲ ಆಕ್ಟೋಪಸ್ ಅನ್ನುವ ಟಿಕೆಟ್ ಕಾರ್ಡು ತೋರಿಸಿ ತೋರಿಸಿ ಒಂದು ಚಾಳಿ ಬಿದ್ದುಹೋಗಿದೆ. ಯಾರೂ ಕಾರ್ಡು ಹೊರಗೆ ತೆಗೆಯುವುದಿಲ್ಲ. ಇಡೀ ಪರ್ಸನ್ನೇ ಯಂತ್ರದ ಮೇಲೆ ರಪ್ಪೆಂದು ಬಡಿಯುತ್ತಾರೆ. ಕೆಲವರು ಕೈಚೀಲವನ್ನೇ ಬಡಿಯುತ್ತಾರೆ. ಆ ಪರ್ಸಿನೊಳಗೆ ಈಗ ಹೊಸ ಕಾರ್ಡೂ ಸೇರಿತಲ್ಲ, ಒಂದರ ಬೆನ್ನಿಗೊಂದು ಅಂಟಿಕೊಂಡ ಕಾರ್ಡುಗಳಲ್ಲಿ ಯಾವುದನ್ನು ಓದಬೇಕೆಂದು ತಿಳಿಯದೆ ಯಂತ್ರ ಮುನಿಸಿಕೊಳ್ಳುತ್ತಿತ್ತು.

"ಒಂದೇ ಕಾರ್ಡು ಹಿಡೀರಿ ಸ್ವಾಮಿ, ಒಂದೇ," ಎಂದು ಕೀ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ.

"ಬಸ್ಸಲ್ಲಿ ಆಗತ್ತೆ, ನಿಮ್ಮಲ್ಲಿ ಯಾಕಾಗಲ್ಲ? ನಿಮ್ಮದೇನು ದೊಡ್ಡ ಅರಮನೆಯಾ?" ಅನ್ನುವವರು ಬೇರೆ.

ಇನ್ನು ಕೆಲವರಿಗೆ ಭಯ. ಬೀದಿಯಲ್ಲಿ ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಸಾಕು, ಜೇಬಿನೊಳಗಿನ ಕಾರ್ಡಿಂದ ದುಡ್ಡು ಎಳೆದುಕೊಂಡುಬಿಡುತ್ತಾರಂತೆ ಎಂದು ಸುದ್ದಿ. ಹಿಂದಿನ ಮೇಜಿನ ನಿವೃತ್ತ ಮೇಷ್ಟರು ಕಾರ್ಡನ್ನು ಚಾಕಲೇಟಿನ ಬೆಳ್ಳಿ ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಬಿಚ್ಚುವುದಕ್ಕೇ ಅವರಿಗೆ ಐದು ನಿಮಿಷ ಬೇಕು. ಅಷ್ಟಾದರೂ ಒಂದೆರಡು ತಿಂಗಳಲ್ಲಿ ಎಲ್ಲರೂ ಪಳಗಿದರು. ಟಿಂಯ್ ಟಿಂಯ್ ಎಂದು ಸಾಲು ಸರಸರನೆ ಕರಗುವುದನ್ನು ನೋಡಿ ನನಗೂ ಖುಷಿಯಾಯಿತು. ನನ್ನ ನಿಯಮವನ್ನೂ ಕಾಲಕ್ಕೆ ತಕ್ಕಂತೆ ತಿದ್ದಿದೆ. ತಿನ್ನುವ ಮೊದಲೇ ಮುಂಗಡ ಕೊಡುವುದು ಇನ್ನು ನಡೆಯದು; ಬಿಲ್ಲಾದ ಮೇಲೆ ತಟ್ಟೆಗೆ ನೋಟೋ ಯಂತ್ರದ ಟಿಂಯೋ, ಯಾರದು ಮೊದಲೋ ಅವರು ಗೆದ್ದರು.

ಪಾಕ್‌ಶಿಂಗ್‌ಗೆ ಜೀವ ಬಂದಂತಾಯಿತು. ಅಕ್ಕ ಕೈಚೀಲ ತೆಗೆದು, ಪರ್ಸು ಬಿಚ್ಚಿ, ನೋಟು ಎಣಿಸಿ ತಟ್ಟೆಗೆ ಹಾಕುವಷ್ಟರಲ್ಲಿ ಹತ್ತು ಸಲ ಟಿಂಯ್ ಅನ್ನಿಸಬಹುದಲ್ಲ! ಅವನೂ ಹೋಗಿ ಕಾರ್ಡು ಮಾಡಿಸಿದ. ಸೂಟ್‌ಕೇಸನ್ನು ಎಳೆದುಕೊಂಡು ನಮ್ಮ ಚಹಾಮನೆಯ ಮುಂದೆಯೇ ಹಾದುಹೋಗುತ್ತ ನನಗೆ ಕಣ್ಣು ಹೊಡೆದ.

ಆ ಭಾನುವಾರ ತಿಂದು ಮುಗಿಸಿದ್ದೇ ತಡ, ಅಕ್ಕ ಕೈಚೀಲಕ್ಕೆ ಕೈ ಹಾಕುವ ಮೊದಲೇ ಅವನು ಓಡಿ ಬಂದ. ಆ ವಯಸ್ಸಿನಲ್ಲಿ ಆ ಮಂಡಿಯಲ್ಲಿ ಅವನು ಓಡಿದ್ದನ್ನು ನೋಡಬೇಕಿತ್ತು. ಬಂದವನೇ ಪರ್ಸನ್ನು ಯಂತ್ರದ ಮೇಲೆ ರಪ್ಪೆಂದು ಬಡಿದ. ಹೌದು, ಪರ್ಸನ್ನೇ. ಒಳಗೆ ಆಕ್ಟೋಪಸ್ಸೂ ಇತ್ತು, ಹೊಸ ಕಾರ್ಡೂ ಇತ್ತು, ಗುರುತಿನ ಕಾರ್ಡೂ ಇತ್ತು. ಯಂತ್ರ ಕೆಂಪು ದೀಪ ತೋರಿಸಿ ಗುರ್ ಅಂದಿತು.

"ಒಂದೇ ಕಾರ್ಡು ಕಣೋ," ಅಂದೆ.

"ಅಯ್ಯೋ!" ಎಂದು ಅವನು ಪರ್ಸಿನಿಂದ ಕಾರ್ಡು ಕೀಳಲು ಒದ್ದಾಡಿದ. ಹೊಸ ಕಾರ್ಡು, ಬಿಗಿಯಾಗಿ ಕೂತಿತ್ತು. ಅಷ್ಟರಲ್ಲಿ ಅಕ್ಕ ಆರಾಮಾಗಿ ನಡೆದು ಬಂದು ನನ್ನ ತಟ್ಟೆಗೆ ನೋಟು ಹಾಕಿದರು.

"ಏನೋ ಅದು, ಪರ್ಸು ಇಟ್ಕೊಂಡು ಯಂತ್ರಕ್ಕೆ ಹೊಡೀತಿದೀಯಲ್ಲ, ಅದೇನು ಮಾಡ್ತು ನಿಂಗೆ?" ಎಂದು ಕೇಳಿದರು. ಮೂರು ಮೇಜಿನಾಚೆಯವರೂ ನಕ್ಕರು.

ಆದರೆ ಮನೆಗೆ ಹೋಗುವಾಗ ಅಕ್ಕ ಯಂತ್ರವನ್ನು ಒಂದು ಸಲ ತಿರುಗಿ ನೋಡಿದ್ದನ್ನು ನಾನು ಗಮನಿಸಿದ್ದೆ. ಮುಂದಿನ ವಾರವೆಲ್ಲ ಅವರು ಕಾಣಲಿಲ್ಲ. ಅದರ ಮುಂದಿನ ಗುರುವಾರ ಬೆಳಿಗ್ಗೆ ಒಬ್ಬರೇ ಬಂದು ಒಂದೇ ಒಂದು ಹಂದಿಮಾಂಸದ ಬನ್ನು ತಿಂದು, ನನ್ನ ಮುಂದೆ ನಿಂತು ಆಚೀಚೆ ನೋಡಿದರು.

"ಮುಯ್, ಇಲ್ಲಿ ನೋಡು," ಎಂದು ಬಲಗೈ ಚಾಚಿದರು. ಕೈಯಲ್ಲಿ ಏನೂ ಇಲ್ಲ. ಜಾಕೆಟ್ಟಿನ ತೋಳಂಚನ್ನು ಯಂತ್ರದ ಮೇಲೆ ಹಾಗೇ ಹಗುರಾಗಿ ಆಡಿಸಿದರು.

ಟಿಂಯ್.

ನಾನು ಬಾಯಿ ಬಿಟ್ಟು ನೋಡುತ್ತ ಕೂತೆ. ಅಕ್ಕ ತೋಳಂಚು ಮಡಿಸಿ ತೋರಿಸಿದರು. ಒಳಗಡೆ ಜೀನ್ಸ್ ಬಟ್ಟೆಯ ಒಂದು ಪುಟ್ಟ ಜೇಬು, ಹಳದಿ ದಾರದ ಎರಡು ಸಾಲು ಹೊಲಿಗೆ. ಅದರೊಳಗೆ ಕಾರ್ಡು ಬೆಚ್ಚಗೆ ಮಲಗಿತ್ತು.

"ಬ್ಯಾಂಕಿನ ಹುಡುಗಿಗೆ ಹೇಳಿದೆ, ನಂಗೆ ಸೂಟ್‌ಕೇಸ್ ಬೇಡಮ್ಮ, ಕಾರ್ಡು ಬೇಗ ಕೊಡು ಅಂತ. ಅವಳು ಎರಡೂ ಕೊಟ್ಟಳು. ಇಷ್ಟು ವರ್ಷ ಊರೋರ ಪ್ಯಾಂಟಿಗೆಲ್ಲ ಜೇಬು ಹೊಲಿದೆ. ಇದೊಂದು ನಂಗೆ."

ಅವರ ಕಣ್ಣಲ್ಲಿ ಆ ಹೊತ್ತು ಹದಿನಾಲ್ಕರ ಹುಡುಗಿಯೊಬ್ಬಳು ಕೂತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಲ್ಲಿಂದ ಪಾಕ್‌ಶಿಂಗ್‌ಗೆ ಉಳಿಗಾಲವಿಲ್ಲದಾಯಿತು. ಈಗ ಅವನು ಕಾರ್ಡನ್ನು ಬೇರೆಯಾಗಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದ. ಆದರೂ ಏನು ಪ್ರಯೋಜನ, ಅವನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ಮೂಗೊರೆಸಿಕೊಳ್ಳುವವರಂತೆ ಕೈಯೆತ್ತಿ, ಇಳಿಸುವಾಗ ಯಂತ್ರದ ಮೇಲೆ ಇಳಿಸಿರುತ್ತಿದ್ದರು. ಮೊದಲ ಮೂರು ನಾಲ್ಕು ವಾರ ದುಡ್ಡು ಹೇಗೆ ಹೋಯಿತೆಂದೇ ಅವನಿಗೆ ತಿಳಿಯಲಿಲ್ಲ. ನನ್ನ ಮೇಲೇ ಸಂಶಯಪಟ್ಟ. ಗುಟ್ಟು ರಟ್ಟಾದ ಮೇಲೂ ಮಾಡುವುದೇನು, ಅಕ್ಕನ ತೋಳು ಹಿಡಿದುಕೊಳ್ಳಲಾಗುತ್ತದೆಯೇ?

ಒಂದು ಗುರುವಾರ ಅಕ್ಕ ಒಬ್ಬರೇ ಸಿಕ್ಕಿದಾಗ ನಾನು ಸುಮ್ಮನಿರಲಾರದೆ ಹೇಳಿಬಿಟ್ಟೆ. ನನಗೆ ಮನಸ್ಸಿನಲ್ಲಿದ್ದದ್ದು ನಾಲಿಗೆಯ ಮೇಲೆ ಬಂದುಬಿಡುತ್ತದೆ.

"ಅಕ್ಕ, ನಿಮ್ಮಷ್ಟು ಜಿಪುಣರನ್ನ ನಾನು ನೋಡಿಲ್ಲ."

"ನಾನಾ?"

"ಮತ್ತೆ? ಕೊಡೋ ಸುಖ ಅಷ್ಟೂ ನಿಮಗೊಬ್ಬರಿಗೇ ಬೇಕು. ತಮ್ಮನಿಗೆ ಒಂದು ಚೂರು ಬಿಡಲ್ಲ."

ಅಕ್ಕ ದನಿ ತಗ್ಗಿಸಿ ಹೇಳಿದರು. ಅವರ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಮ್ಮ ಹೋಗೋವಾಗ ಅವನ ಕೈ ತಗೊಂಡು ನನ್ನ ಕೈಲಿಟ್ಟಳು ಕಣೇ. ಊಟಕ್ಕೆ ಇವನು ಯಾರ ಮುಖಾನೂ ನೋಡೋ ಹಾಗಾಗಬಾರದು ಅಂದಳು. ಅದೊಂದೇ ನನ್ನ ಕೆಲಸ. ಕಾರ್ಖಾನೆ ಹೋಯ್ತು, ಇದು ಉಳೀತು. ಅವನು ಬಿಲ್ಲು ಕೊಟ್ಟ ದಿನ ಈ ಕೆಲಸಾನೂ ಮುಗೀತು ಅಂತ ಅಲ್ವಾ? ಆಮೇಲೆ ನಾನೇನು ಮಾಡ್ಲಿ?"

ನಾನು ಎರಡು ಬನ್ನು ಕಟ್ಟಿ ಕೈಗಿಟ್ಟೆ. ಅದಕ್ಕೂ ತೋಳು ಚಾಚಿದರು, ಟಿಂಯ್ ಅನ್ನಿಸಿಯೇ ಹೋದರು.

ಅಕ್ಕನಿಗೆ ಎಪ್ಪತ್ತು ತುಂಬುವ ದಿನ ಹತ್ತಿರ ಬಂತು. ಎಪ್ಪತ್ತರ ಊಟವನ್ನು ಮನೆಯ ಕಿರಿಯರು ಹಾಕಿಸಬೇಕು, ಅದು ವಾಡಿಕೆ. ಅಕ್ಕ ಮಾತ್ರ ಮುಂಚೆಯೇ ಸಾರಿಬಿಟ್ಟಿದ್ದರು: ಹುಟ್ಟಿದವಳು ನಾನು, ಊಟ ಹಾಕುವವಳೂ ನಾನೇ. ಒಂದು ಮಧ್ಯಾಹ್ನ, ಗಿರಾಕಿಗಳು ಇಲ್ಲದ ಹೊತ್ತು ನೋಡಿ ಪಾಕ್‌ಶಿಂಗ್ ಒಬ್ಬನೇ ಬಂದ. ಅವನೂ ನಾನೂ ಒಂದೇ ವಯಸ್ಸಿನವರು, ಒಂದೇ ಬೀದಿಯಲ್ಲಿ ಬೆಳೆದವರು. ಹಾಗಾಗಿ ಮುಚ್ಚುಮರೆ ಇಲ್ಲ.

"ಮುಯ್, ಆ ದಿನದ ಬಿಲ್ಲು ನನ್ನ ಹತ್ರ ಈಗ್ಲೇ ತಗೊಂಡ್‌ಬಿಡು."

"ತಿಂದೇ ಇಲ್ಲ, ಬಿಲ್ಲು ಎಲ್ಲಿಂದ ತರ್ಲಿ? ಬಿಲ್ಲಾಗದೆ ಈ ಯಂತ್ರ ಮೂಸಿ ಕೂಡ ನೋಡಲ್ಲ."

"ಹಂಗಾದ್ರೆ ಆ ದಿನ ಬಿಲ್ಲು ನನಗೆ ಮೊದಲು ತೋರ್ಸು."

"ನಿಯಮ ನಿಯಮವೇ. ಇಬ್ರಿಗೂ ಒಂದೇ."

ಅವನು ಗಲ್ಲಾದ ಮೇಲೆ ಎರಡೂ ಮೊಣಕೈ ಊರಿ ತಲೆ ತಗ್ಗಿಸಿ ನಿಂತ. "ಮೊನ್ನೆ ಜೊತೆಯವನೊಬ್ಬ ಎಲ್ಲರೆದುರಿಗೆ ಕೇಳ್ದ, ಪಾಕ್‌ಶಿಂಗ್, ಒಂದು ಬಿಲ್ಲು ಕೊಡೋಕೆ ನಿನ್ನ ಕೈಗೆ ಮೂಳೆ ಇಲ್ವಾ ಅಂತ. ಅದು ಬಿಡು, ನಗ್ತಾನೆ, ನಗ್ಲಿ. ನಂಗೆ ಅರವತ್ತೆರಡಾಯ್ತು. ನನ್ನಕ್ಕನಿಗೆ ನಾನೊಂದು ಲೋಟ ಚಹಾ ಕುಡಿಸಿದೀನಿ ಅಂತ ಹೇಳ್ಕೊಳೋಕಾಗಲ್ಲ. ಅವಳಿಗೆ ಎಪ್ಪತ್ತು. ಇನ್ನು ಯಾವಾಗ ಕುಡಿಸ್ಲಿ? ಗೋರಿ ಮುಂದೆ ಹೋಗಿ ಸುರೀಲಾ?"

ಆದರೂ ನಿಯಮ ಮುರಿಯಲಿಲ್ಲ. "ಆ ದಿನ ಯಂತ್ರಾನ ನಾನೇ ಮೇಜಿಗೆ ತರ್ತೀನಿ. ಇಬ್ಬರ ಮಧ್ಯಕ್ಕೇ ಇಡ್ತೀನಿ. ಆಮೇಲೆ ನಿಮ್ಮ ನಿಮ್ಮ ಹಣೆಬರಹ," ಅಂದೆ.

"ಸರಿ, ಅಷ್ಟು ಸಾಕು," ಎಂದು ಅವನು ಮೊಣಕೈ ತೆಗೆದು ನೆಟ್ಟಗೆ ನಿಂತ. ಹೋಗುವಾಗ ಅವನ ನಡಿಗೆಯಲ್ಲಿ ಏನೋ ಗತ್ತಿತ್ತು. ಏನೋ ಹುನ್ನಾರ ನಡೆಸಿದ್ದಾನೆ ಅಂದುಕೊಂಡೆ.

ಹುಟ್ಟುಹಬ್ಬದ ದಿನ ಕಂಬದ ಪಕ್ಕದ ಮೇಜಿಗೆ ಇನ್ನೊಂದು ಮೇಜು ಸೇರಿಸಿದ್ದೆವು. ಅಕ್ಕನ ಜೀನ್ಸ್ ಕಾರ್ಖಾನೆಯ ಹಳೆಯ ಗೆಳತಿಯರು ಒಂದಷ್ಟು ಮಂದಿ ಬಂದಿದ್ದರು. ಎಲ್ಲರದೂ ಅದೇ ಗಂಟಲು, ಹೀಗಾಗಿ ಇಡೀ ಚಹಾಮನೆ ಕಾರ್ಖಾನೆಯಂತಾಗಿತ್ತು. ಆಯುಷ್ಯ ಹೆಚ್ಚಲೆಂದು ಹುಟ್ಟುಹಬ್ಬಕ್ಕೆ ತಿನ್ನುವ ಗುಲಾಬಿ ಬಣ್ಣದ ಬನ್ನುಗಳನ್ನು ಕೀ ಹಬೆಬುಟ್ಟಿಯಲ್ಲಿ ತಂದಿಟ್ಟಾಗ ಫೂಂಗ್‌ಯಿ ಎದ್ದು ನಿಂತು ಒಂದು ಪೊಟ್ಟಣ ಬಿಚ್ಚಿದಳು. ಕೆಂಪು ರೇಷ್ಮೆಯ ಜಾಕೆಟ್, ಎದೆಯ ಮೇಲೆ ಚಿನ್ನದ ದಾರದ ಹೂವು.

"ಅಕ್ಕ, ಹುಟ್ಟುಹಬ್ಬಕ್ಕೆ ಕೆಂಪು ಹಾಕ್ಲೇಬೇಕು. ಬೇಡ ಅಂದ್ರೆ ಅಪಶಕುನ."

"ಇಷ್ಟು ದುಡ್ಡು ಸುರಿದಿದೀಯಲ್ಲೇ, ನನಗೇನು ಮದುವೇನಾ?" ಎಂದು ಅಕ್ಕ ಬೈದರು. ಆದರೆ ಗೆಳತಿಯರು ಬಿಡಬೇಕಲ್ಲ. ಹಾಕ್ಕೊ, ಹಾಕ್ಕೊ ಎಂದು ಗದ್ದಲವೆಬ್ಬಿಸಿದರು. ಒಬ್ಬರು ಹಳೆಯ ಜಾಕೆಟ್ ಕಳಚಿದರು, ಇನ್ನೊಬ್ಬರು ಹೊಸದನ್ನು ತೊಡಿಸಿದರು, ಮತ್ತೊಬ್ಬರು ಹೊಲಿಗೆ ತಿರುವಿ ನೋಡಿ "ಹೊಲಿದವನಿಗೆ ಎರಡು ಬಾರಿಸಬೇಕು" ಅಂದರು. ಅಕ್ಕ ನಾಚಿ ಕೆಂಪಾದರು. ನಿಜವಾಗಿಯೂ ಚೆಂದ ಕಾಣುತ್ತಿದ್ದರು.

ತಿಂದರು, ಕುಡಿದರು, ನಕ್ಕರು. ಬುಟ್ಟಿಗಳು ಬರಿದಾದವು. ನಾನು ಮಾತು ಕೊಟ್ಟಂತೆ ಬಿಲ್ಲು ಹಾಕಿದ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಕ್ಕ ತಮ್ಮನ ನಡುವೆ ಸರಿಯಾಗಿ ಮಧ್ಯಕ್ಕೆ ಇಟ್ಟೆ. ಮೇಜಿನವರೆಲ್ಲ ಬಗ್ಗಿ ನೋಡಿದರು.

ಪಾಕ್‌ಶಿಂಗ್ ಅಲ್ಲಾಡಲಿಲ್ಲ. ಅಕ್ಕ ಮುಗುಳ್ನಗುತ್ತ, ಅವಸರವೇ ಇಲ್ಲದವರಂತೆ, ಬಲಗೈಯೆತ್ತಿ ತೋಳಂಚನ್ನು ಯಂತ್ರದ ಮೇಲೆ ಇಳಿಸಿದರು.

ಸದ್ದಿಲ್ಲ.

ಇನ್ನೊಮ್ಮೆ ಉಜ್ಜಿದರು. ರೇಷ್ಮೆ ಜಾರಿತಷ್ಟೇ. ತೋಳಂಚು ಮಡಿಸಿ ನೋಡಿದರು. ಒಳಗೆ ಬರೀ ಅಸ್ತರು. ಅಕ್ಕನ ಕಣ್ಣು ಮೊದಲು ತನ್ನ ತೋಳಿನ ಮೇಲೆ, ಆಮೇಲೆ ಹಳೆಯ ಜಾಕೆಟ್ ಇಲ್ಲದ ತನ್ನ ಕುರ್ಚಿಯ ಬೆನ್ನಿನ ಮೇಲೆ, ಆಮೇಲೆ ಫೂಂಗ್‌ಯಿಯ ಮೇಲೆ ಬಿತ್ತು. ಫೂಂಗ್‌ಯಿ ಹಳೆಯ ಜಾಕೆಟ್ಟನ್ನು ನೀಟಾಗಿ ಮಡಿಸಿ, ಅದರ ಮೇಲೇ ಕೂತಿದ್ದಳು.

"ಗಂಡ ಹೆಂಡ್ತಿ ಸೇರಿ ನನ್ನ ದೋಚಿದ್ರಲ್ರೋ!" ಎಂದು ಅಕ್ಕ ಕೂಗಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಇಣುಕಿದರು. ಪಾಕ್‌ಶಿಂಗ್ ಜೇಬಿನಿಂದ ಕಾರ್ಡು ತೆಗೆದ. ಈ ಸಲ ಒಂದೇ ಕಾರ್ಡು. ಅವನ ಕೈ ಬರುತ್ತಿರುವುದನ್ನು ಕಂಡಿದ್ದೇ ಅಕ್ಕ ಎಡಗೈಯನ್ನು ಯಂತ್ರದ ಮೇಲೆ ರಪ್ಪೆಂದು ಇಟ್ಟು ಪೂರಾ ಮುಚ್ಚಿಬಿಟ್ಟರು. ಬಲಗೈಯಿಂದ ಮೇಜಿನ ಕೆಳಗಿದ್ದ ಕೈಚೀಲವನ್ನು ತಡಕಾಡತೊಡಗಿದರು.

"ಕೈ ತೆಗಿ ಅಕ್ಕ."

"ತೆಗೆಯಲ್ಲ. ನಾನು ಸಾಯೋವರೆಗೂ ತೆಗೆಯಲ್ಲ."

"ತೆಗಿ ಅಂದ್ರೆ!"

"ನೀನು ಚಡ್ಡಿ ಹಾಕದೆ ಓಡಾಡ್ತಿದ್ದಾಗಿಂದ ನೋಡಿದೀನಿ. ನನಗೇ ಹೇಳ್ತೀಯಾ?"

ಗೆಳತಿಯರು ಎರಡು ಪಂಗಡವಾದರು. ಬಿಡಬೇಡ ಎಂದು ಕೆಲವರು, ಪಾಪ ಬಿಟ್ಟುಕೊಡು ಎಂದು ಕೆಲವರು. ಅಕ್ಕನ ಬಲಗೈಗೆ ಕೈಚೀಲ ಸಿಕ್ಕಿತು. ಇನ್ನೇನು ಪರ್ಸು ಹೊರಗೆ ಬರಬೇಕು. ಪಾಕ್‌ಶಿಂಗ್‌ಗೆ ಬೇರೆ ದಾರಿಯಿರಲಿಲ್ಲ. ಕಾರ್ಡನ್ನು ಅಕ್ಕನ ಅಂಗೈಯ ಹಿಂಬದಿಗೇ ಇಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದುಕೊಂಡ.

ಗಂಟುಗಂಟಾದ ಸಣ್ಣ ಕೈ ಅದು. ಹೊಲಿಗೆ ಯಂತ್ರದ ಸೂಜಿ ಒಮ್ಮೆ ತೋರುಬೆರಳನ್ನೇ ಹಾದುಹೋಗಿ, ಆ ಬೆರಳು ಸ್ವಲ್ಪ ಸೊಟ್ಟಗಿತ್ತು. ಅವನ ದೊಡ್ಡ ಕೈಯ ಕೆಳಗೆ ಅದು ಕಾಣದಂತೆ ಮುಚ್ಚಿಹೋಯಿತು.

"ಅಕ್ಕ, ಒಂದೇ ಒಂದು ಸಲ," ಅಂದ. "ಬೈಬೇಡ. ಒಂದು ಸಲ."

ಅಕ್ಕ ಕೈ ಎಳೆದುಕೊಳ್ಳಬಹುದಿತ್ತು, ಯಂತ್ರವನ್ನೇ ದೂಡಬಹುದಿತ್ತು. ಅವರ ಶಕ್ತಿ ನನಗೆ ಗೊತ್ತಿಲ್ಲವೇ? ಕೈಚೀಲದಲ್ಲಿದ್ದ ಬಲಗೈ ಅಲ್ಲೇ ನಿಂತಿತು. ತಮ್ಮನ ಮುಖವನ್ನೇ ನೋಡುತ್ತ ಕೂತರು. ಇಬ್ಬರ ಕೈಯೂ ಅಲುಗಲಿಲ್ಲ.

ಟಿಂಯ್.

ಯಾರಿಗೂ ನಂಬಿಕೆಯಾಗಲಿಲ್ಲ. ಯಂತ್ರದ ಹಸಿರು ದೀಪ ಅಕ್ಕನ ಬೆರಳ ಸಂದಿಯಿಂದ ಕಂಡಿತು.

"ಮುಯ್," ಎಂದು ಅಕ್ಕ ಮೆಲ್ಲಗೆ ಕೇಳಿದರು, "ಇದು ಕೈಯೊಳಗಿಂದಾನೂ ಹೋಗತ್ತಾ?"

"ಹೋಗತ್ತೆ ಅಕ್ಕ."

"ಹಂಗಾದ್ರೆ ನನ್ನ ಕೈಯಿಂದಾನೇ ಕೊಟ್ಟ ಹಾಗಾಯ್ತು ಅನ್ನು."

"ಕೈ ನಿಮ್ಮದು. ದುಡ್ಡು ಅವನದು. ಗೆದ್ದವನು ಪಾಕ್‌ಶಿಂಗ್," ಅಂದೆ. ತೀರ್ಪು ಹೇಳುವಾಗ ನನಗೇ ಕಣ್ಣು ಮಂಜಾಯಿತು.

ಗೆಳತಿಯರು ಚಪ್ಪಾಳೆ ತಟ್ಟಿದರು, ಹಿಂದಿನ ಮೇಜಿನ ಮೇಷ್ಟರೂ ತಟ್ಟಿದರು. ಪಾಕ್‌ಶಿಂಗ್ ಮಾತ್ರ ಕೈ ತೆಗೆದಿರಲಿಲ್ಲ. ಬೈಗುಳಕ್ಕೆ ಕಾಯುವವನಂತೆ ತಲೆ ತಗ್ಗಿಸಿ ಕೂತಿದ್ದ. ಅಕ್ಕ ಬೈಯಲಿಲ್ಲ. ಬರಿದಾದ ಬುಟ್ಟಿಗಳನ್ನು ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕುರ್ಚಿಗೆ ಆರಾಮಾಗಿ ಒರಗಿ, ಎಂದಿನ ಗಂಟಲಲ್ಲಿ ಕೂಗಿದರು.

"ಕೀ, ಇಲ್ಲಿ ಬಾ! ಸೀಗಡಿ ಕಡುಬು ಎರಡು ಬುಟ್ಟಿ. ಆ ಏಡಿಯದ್ದು ಏನೋ ಇದೆಯಲ್ಲ, ದುಬಾರಿದು, ಅದೊಂದು."

ಇಷ್ಟು ವರ್ಷದಲ್ಲಿ ಎಲ್ಲರ ಜೊತೆ ಕೂತಾಗ ಅಕ್ಕ ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಉಳಿದವರು ತಿಂದು ಬಿಟ್ಟದ್ದನ್ನು ತಿನ್ನುವುದು, ಗಂಜಿ ಕುಡಿಯುವುದು, ಅಷ್ಟೇ ಅವರ ಊಟ.

"ಅಕ್ಕ, ಬಿಲ್ಲು ಮುಗೀತಲ್ಲ?" ಎಂದು ಕೀ ತಲೆ ಕೆರೆದುಕೊಂಡ.

"ಇನ್ನೊಂದು ಬಿಲ್ಲು ಮಾಡು. ನನ್ನ ತಮ್ಮ ಕೂತಿದಾನೆ ಇಲ್ಲಿ, ಕಾಣಲ್ವಾ? ಅವನು ಕೊಡ್ತಾನೆ."

ಪಾಕ್‌ಶಿಂಗ್ ಮೇಜಿಗೆ ಹಣೆಯಿಟ್ಟು ಅತ್ತುಬಿಟ್ಟ. ಅಳುತ್ತಲೇ ನಗುತ್ತಿದ್ದ. ಎರಡನೆಯ ಸಲ ನಾನು ಯಂತ್ರ ತಂದಿಟ್ಟಾಗ ಅಕ್ಕ ಕಡುಬನ್ನು ಬಾಯಿಗಿಟ್ಟು ಗೆಳತಿಯೊಡನೆ ಏನೋ ಹರಟುತ್ತಿದ್ದರು, ಟಿಂಯ್ ಅಂದಾಗಲೂ ಇತ್ತ ತಿರುಗಿ ನೋಡಲಿಲ್ಲ.